ಹಳೆಯ ಎಂಜಿಬಿಗೆ ಹೊಸ ಪೆಟ್ರೋಲ್ ಟ್ಯಾಂಕ್

ಹಳೆಯ ಕಾರುಗಳ ರ‍್ಯಾಲಿ ನೋಡಲು ಹೋದವರು ಎಂಜಿಯಂಥ ತೆರೆದ ಸ್ಪೋರ್ಟ್ಸ್ ಕಾರಿನ ಮುಂದೆ ಒಂದು ನಿಮಿಷವಾದರೂ ನಿಲ್ಲದೆ ಇರುತ್ತಾರೆಯೇ? ಇವತ್ತು ಅದೇ ಮನೆತನದ ಎಂಜಿಬಿಯ ಮಾತು. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಕಾರಿನ ಹಳೆಯ ಕಾಯಿಲೆ ಎಂದರೆ ಪೆಟ್ರೋಲ್ ಟ್ಯಾಂಕಿನ ತುಕ್ಕು.

ಟ್ಯಾಂಕ್ ಇರುವುದು ಡಿಕ್ಕಿಯ ತಳದ ಕೆಳಗೆ. ಚಕ್ರ ಎರಚಿದ ಕೆಸರು ಟ್ಯಾಂಕಿನ ನೆತ್ತಿಗೂ ಡಿಕ್ಕಿಗೂ ನಡುವಿನ ಸಂದಿಯಲ್ಲಿ ಕೂತು ತೇವ ಹಿಡಿದಿಡುತ್ತದೆ. ಹಾಗಾಗಿ ತುಕ್ಕು ಮೇಲಿನಿಂದ ಶುರು. ಕೆಳಗೆ ಬಗ್ಗಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ! ಟ್ಯಾಂಕ್ ಪೂರ್ತಿ ತುಂಬಿಸಿದಾಗ ಮಾತ್ರ ಪೆಟ್ರೋಲ್ ಸೋರಿ ವಾಸನೆ ಬಂದರೆ ಈ ನೆತ್ತಿಯನ್ನೇ ಅನುಮಾನಿಸಿ.

ತೂತಿಗೆ ವೆಲ್ಡಿಂಗ್ ಮಾಡಿಸಿದರಾಯಿತು ಎನ್ನಬೇಡಿ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತೇವೆ. ಇಲ್ಲಿಯೂ ಹೆದರಬೇಕಾದದ್ದು ಖಾಲಿ ಟ್ಯಾಂಕಿಗೇ. ಅದರೊಳಗೆ ಉಳಿದ ಪೆಟ್ರೋಲ್ ಆವಿ ಗಾಳಿಯೊಡನೆ ಬೆರೆತು, ಒಂದು ಕಿಡಿ ತಾಗಿದರೂ ಸಿಡಿಯಬಲ್ಲದು. ಹೊಸದನ್ನು ಹಾಕುವುದೇ ಕ್ಷೇಮ. ಕೊಳ್ಳುವಾಗ ಕಾರಿನ ವರ್ಷ ಹೇಳಿ. ಮೊದಲ ಕಾರುಗಳ 10 ಗ್ಯಾಲನ್, ಅಂದರೆ ಸುಮಾರು 45 ಲೀಟರಿನ ಟ್ಯಾಂಕನ್ನು ಪಟ್ಟಿಗಳು ಹಿಡಿದಿರುತ್ತವೆ. 1965ರಲ್ಲಿ ಬಂದ 12 ಗ್ಯಾಲನ್ ಟ್ಯಾಂಕ್ ಅಂಚಿನ ಬೋಲ್ಟುಗಳ ಮೇಲೆ ನಿಲ್ಲುತ್ತದೆ. ಒಂದರ ಜಾಗಕ್ಕೆ ಇನ್ನೊಂದು ನೇರವಾಗಿ ಕೂರದು.

ಕೆಲಸ ಬಯಲಿನಲ್ಲೇ ಆಗಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೋ ಗ್ಯಾರೇಜಿನ ಗುಂಡಿಯಲ್ಲೋ ಅದು ನೀರಿನಂತೆ ನಿಲ್ಲುತ್ತದೆ. ಮೊದಲು ಬ್ಯಾಟರಿಯ ಸಂಪರ್ಕ ಕಳಚಿ. ಪೆಟ್ರೋಲನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಇಳಿಸಿ. ಪೆಟ್ರೋಲ್ ತುಂಬುವ ಕೊಳವೆ, ಪಂಪಿಗೆ ಹೋಗುವ ಪೈಪು, ಗೇಜಿನ ತಂತಿಗಳನ್ನು ಬಿಚ್ಚಿ. ಜಾಕಿನ ಮೇಲೆ ಹಲಗೆ ಇಟ್ಟು ಟ್ಯಾಂಕಿಗೆ ಆಸರೆ ಕೊಟ್ಟ ಮೇಲೆಯೇ ಬೋಲ್ಟು ಸಡಿಲಿಸಿ.

ಹೊಸ ಟ್ಯಾಂಕಿನ ನೆತ್ತಿಗೆ ತುಕ್ಕು ತಡೆಯುವ ಬಣ್ಣ ಬಳಿಯಲು ಈಗಲೇ ಸಮಯ. ಮೇಲೇರಿಸಿದ ನಂತರ ಕೈ ಹೋಗದು. ಡಿಕ್ಕಿಯ ಅಡಿಭಾಗವನ್ನೂ ಉಜ್ಜಿ ಬಣ್ಣ ಹಚ್ಚಿ. ಗೇಜಿನ ರಬ್ಬರ್ ಸೀಲು, ಹೋಸುಗಳು ಹೊಸದಿರಲಿ. ನಮ್ಮ ಬಂಕುಗಳಿಗೆ 2023ರಿಂದ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಬರತೊಡಗಿದೆ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ. ಆದ್ದರಿಂದ ಅದನ್ನು ತಾಳುವ ಹೋಸನ್ನೇ ಕೇಳಿ ತನ್ನಿ. ಗೇಜಿನ ಅರ್ತ್ ತಂತಿ ಮರೆತರೆ ಮುಳ್ಳು ಸರಿಯಾಗಿ ತೋರಿಸದು.

ಕೊನೆಗೆ ಎರಡು ಮೂರು ಲೀಟರ್ ಮಾತ್ರ ಹಾಕಿ, ಪ್ರತಿ ಜೋಡಣೆಯನ್ನೂ ನೋಡಿ. ಒಣಗಿದ್ದರೆ ಪೂರ್ತಿ ತುಂಬಿಸಿ ಇನ್ನೊಮ್ಮೆ ನೋಡಿ; ಮೇಲಿನ ಸೋರಿಕೆ ಆಗಲೇ ಕಾಣುವುದು. ಬೆಂಕಿ ಆರಿಸುವ ಸಿಲಿಂಡರ್ ಮೊದಲಿನಿಂದ ಕೊನೆಯವರೆಗೂ ಕೈಗೆಟುಕುವಂತಿರಲಿ. ರ‍್ಯಾಲಿಯ ದಿನ ನಿಮ್ಮ ಕಾರಿನಿಂದ ಎಂಜಿನ್ನಿನ ಸದ್ದಷ್ಟೇ ಬರಲಿ, ಪೆಟ್ರೋಲ್ ವಾಸನೆ ಬೇಡ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ಕೇಳುತ್ತಿರಿ.