ನಿಮಗಿದು ಗೊತ್ತೆ? ಸೆಖೆಯ ನಾಡಿನಲ್ಲೂ ಅಗ್ಗಿಷ್ಟಿಕೆ!

ಬೆಂಗಳೂರು ದಂಡಿನ ಹಳೆಯ ಬಂಗಲೆಗಳಲ್ಲೂ ಕೊಡಗಿನ ಕಾಫಿ ಎಸ್ಟೇಟ್ ಮನೆಗಳಲ್ಲೂ ಗೋಡೆಯೊಳಗೆ ಕಟ್ಟಿದ ಅಗ್ಗಿಷ್ಟಿಕೆಗಳು ಇಂದಿಗೂ ಕಾಣಸಿಗುತ್ತವೆ. ಇದು ಬರೀ ದೊರೆಗಳ ಶೋಕಿಯಲ್ಲ. 1884ರ ಜನವರಿ 13ರಂದು ಬೆಂಗಳೂರಿನ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು!

ಬೆಂಕಿ ಉರಿಯುವ ಗೂಡು ದೊಡ್ಡದಾದಷ್ಟೂ ಕಾವು ಹೆಚ್ಚೆಂಬುದು ತಪ್ಪು. 1790ರ ದಶಕದಲ್ಲಿ ವಿಜ್ಞಾನಿ ಕೌಂಟ್ ರಮ್‌ಫೋರ್ಡ್ ಗೂಡಿನ ಆಳ ತಗ್ಗಿಸಿ, ಪಕ್ಕದ ಗೋಡೆಗಳನ್ನು ಓರೆಯಾಗಿಸಿ, ಚಿಮಣಿಯ ಕುತ್ತಿಗೆ ಕಿರಿದು ಮಾಡಿದ. ಕಾವು ಕೋಣೆಯತ್ತ ತಿರುಗಿತು, ಹೊಗೆ ಮೇಲಕ್ಕೇರಿತು. ಹೊಗೆ ಹಿಡಿಯುವ ಮುಚ್ಚಿಗೆಯಾಗಿ ಹುಟ್ಟಿದ ಮೇಲಿನ ಚೌಕಟ್ಟು ಕ್ರಮೇಣ ಗಡಿಯಾರ, ಫೋಟೊ ಇಡುವ ಹಲಗೆಯಾಯಿತು. ಬೆಂಕಿ ಆರಿದ ಮನೆಗಳಲ್ಲೂ ಅದು ಉಳಿದಿರುವುದು ಅಂದಕ್ಕಾಗಿಯೇ.

ಇನ್ನು ಅಗ್ಗಿಷ್ಟಿಕೆ ಕಟ್ಟುವ ಇಟ್ಟಿಗೆಯ ಮಾತು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಸಿಗುವುದು ಇಟ್ಟಿಗೆ, ಹೆಂಚು, ಮಡಕೆಗೆ ಹೆಸರಾದ ಮಣ್ಣು. ಆದರೆ ಅಗ್ಗಿಷ್ಟಿಕೆಯ ಒಳಮೈಗೆ ಮನೆ ಕಟ್ಟುವ ಮಾಮೂಲಿ ಇಟ್ಟಿಗೆ ಸಾಲದು, ಕಾವು ತಾಳುವ ಬೆಂಕಿ ಇಟ್ಟಿಗೆಯೇ ಬೇಕು.

ಹಳೆಯ ಬಂಗಲೆ ಕೊಂಡವರು ಬೆಂಕಿ ಹಾಕುವ ಮೊದಲು ಚಿಮಣಿಯಲ್ಲಿ ಹಕ್ಕಿಗೂಡು, ಮಸಿ ಕಟ್ಟಿದೆಯೇ ನೋಡಿಸಿಕೊಳ್ಳಿ. ಹೊಗೆ ಕಟ್ಟಿದರೆ ವಿಷಾನಿಲ ಪ್ರಾಣಕ್ಕೇ ಕುತ್ತು.