ಎರಡನೇ ಕಿವಿ ಸ್ಟೆಪ್ನಿಯಲ್ಲ: ‘ದ್ವಿಕರ್ಣ ಶ್ರವಣ’ ಅಂದರೆ ಏನು?

ಬೆಳಗ್ಗೆ ಹೊತ್ತು ಮಂಗಳೂರಿನ ಬಂದರ್‌ನಲ್ಲಿ ನಡೆದಿದ್ದೀರಾ? ಅಜೀಜುದ್ದೀನ್ ರಸ್ತೆಯಲ್ಲಿ ಒಂದು ಕಡೆ ಲಾರಿ ರಿವರ್ಸ್, ಇನ್ನೊಂದು ಕಡೆ ಮೂಟೆ ಇಳಿಸೋ ಗದ್ದಲ, ನಡುವೆ ಕೈಗಾಡಿ. ಕಳೆದ ತಿಂಗಳು ಅಲ್ಲೇ ಹಿಂದಿನಿಂದ ಯಾರೋ ‘ಬರಿಕ್ ಪೋಲೆ’ (ಬದಿಗೆ ಹೋಗಿ) ಅಂತ ಕೂಗಿದರು. ಬಲಗಡೆಯಿಂದ ಬಂದ ಹಾಗನ್ನಿಸಿ ಎಡಕ್ಕೆ ಸರಿದೆ. ಗಾಡಿ ಬರುತ್ತಿದ್ದದ್ದು ಎಡಗಡೆಯಿಂದಲೇ. ತಳ್ಳುತ್ತಿದ್ದ ಅಣ್ಣ ಹೇಗೋ ನಿಲ್ಲಿಸಿ, ‘ಕೆಬಿ ಕೇನುಜಾ?’ ಅಂತ ಬೈದರು.

ಕಿವಿ ಕೇಳಿಸುತ್ತದೆ. ಆದರೆ ಒಂದೇ. ಏಳನೇ ವಯಸ್ಸಿನಲ್ಲಿ ಮಂಗನಬಾವು ಬಂದು ನನ್ನ ಎಡಗಿವಿ ಹೋಯಿತು. ಅವತ್ತು ಕೂಗು ಕೇಳಿಸಿತ್ತು, ಎಲ್ಲಿಂದ ಬಂತು ಅನ್ನೋದು ಮಾತ್ರ ತಿಳಿಯಲಿಲ್ಲ.

ಈ ‘ಎಲ್ಲಿಂದ’ ಅನ್ನೋದನ್ನು ಹೇಳಲು ಎರಡು ಕಿವಿ ಸೇರಬೇಕು. ಇದಕ್ಕೇ ‘ಬೈನಾರಲ್’ ಕೇಳುವಿಕೆ, ಅಂದರೆ ದ್ವಿಕರ್ಣ ಶ್ರವಣ ಅನ್ನೋದು. ‘ಇಕ್ಕೆಲ’ದ ಹಾಗೆ ‘ಇಕ್ಕಿವಿ’ ಅಂದರೂ ನಡೆದೀತು. ಯೂಟ್ಯೂಬಿನ ‘ಬೈನಾರಲ್ ಬೀಟ್ಸ್’ನಲ್ಲಿ ನೀವು ಈ ಪದ ನೋಡಿರಬಹುದು. ಅದು ಎರಡು ಕಿವಿಗೆ ಕೊಂಚ ಬೇರೆ ಬೇರೆ ಸ್ವರ ಕೊಟ್ಟು ಮೆದುಳಿನಲ್ಲಿ ಮೂರನೆಯದೊಂದು ಮಿಡಿತ ಹುಟ್ಟಿಸುವ ಆಟ. ಪದದ ನಿಜವಾದ ಕೆಲಸ ಅದಕ್ಕಿಂತ ದೊಡ್ಡದು.

ಓದಿದ್ದು ಎಂಜಿನಿಯರಿಂಗ್ ಆದ್ದರಿಂದ ಲೆಕ್ಕ ಬಿಡೋಕಾಗಲ್ಲ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಕಿವಿಯಿಂದ ಕಿವಿಗೆ ಹೆಚ್ಚುಕಡಿಮೆ 20 ಸೆಂಟಿಮೀಟರ್. ಹಾಗಾಗಿ ಎಡಗಡೆಯ ಸದ್ದು ಬಲಗಿವಿಗೆ ಮುಟ್ಟುವಾಗ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ, ಸುಮಾರು 0.6 ಮಿಲಿಸೆಕೆಂಡ್ ತಡ. ತಲೆ ಅಡ್ಡ ಇರುವುದರಿಂದ ಕೀರಲು ಸದ್ದು ಆ ಕಡೆ ಮೆತ್ತಗಾಗುತ್ತದೆ. ತಡ ಮತ್ತು ಜೋರು, ಈ ಎರಡು ವ್ಯತ್ಯಾಸದಿಂದ ಮೆದುಳು ದಿಕ್ಕು ಹಿಡಿಯುತ್ತದೆ ಅಂತ ಭೌತವಿಜ್ಞಾನಿ ಲಾರ್ಡ್ ರೇಲೀ 1907ರಲ್ಲೇ ವಿವರಿಸಿದ್ದರು. ಗದ್ದಲದ ನಡುವೆ ಒಬ್ಬರ ಮಾತನ್ನು ಹೆಕ್ಕಿಕೊಳ್ಳಲೂ ಇದೇ ನೆರವು. ನನ್ನಂಥವರಿಗೆ ಕಳೆಯೋ ಲೆಕ್ಕ ಮಾಡಲು ಎರಡನೇ ಸಂಖ್ಯೆಯೇ ಇಲ್ಲ.

ಈಗ ಕಾನೂನಿಗೆ ಬನ್ನಿ. 1995ರ ಅಂಗವಿಕಲರ ಕಾಯ್ದೆ ‘ಉತ್ತಮ ಕಿವಿ’ಯನ್ನಷ್ಟೇ ಅಳೆಯುತ್ತಿತ್ತು. 2016ರ ಕಾಯ್ದೆಯ ಪ್ರಕಾರ ‘ಎರಡೂ ಕಿವಿ’ಯಲ್ಲಿ 60ರಿಂದ 70 ಡೆಸಿಬಲ್ ನಷ್ಟವಾಗಿದ್ದರೆ ಮಂದಶ್ರವಣ, 70 ಆದರೆ ಕಿವುಡು. ಶೇಕಡಾವಾರು ಲೆಕ್ಕದ ಸೂತ್ರವೂ ಹಾಗೇ: ಉತ್ತಮ ಕಿವಿಯ ನಷ್ಟವನ್ನು ಐದರಿಂದ ಗುಣಿಸಿ, ಇನ್ನೊಂದರ ನಷ್ಟ ಕೂಡಿಸಿ, ಆರರಿಂದ ಭಾಗಿಸಬೇಕು. ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ಸಿಗೋದು ಶೇ 16.7. ಮೀಸಲಾತಿಯಂಥ ಸೌಲಭ್ಯಕ್ಕೆ ಬೇಕಾದದ್ದು ಶೇ 40.

ನನಗೆ ಮೀಸಲಾತಿ ಕೊಡಿ ಅಂತಿಲ್ಲ. ಎರಡೂ ಕಿವಿ ಕೇಳಿಸದವರ ಪಾಲು ಅವರಿಗೇ ಇರಲಿ. ಆದರೆ ಸೂತ್ರ ಎರಡನೇ ಕಿವಿಯನ್ನು ಸ್ಟೆಪ್ನಿ ಟಯರ್ ಅಂದುಕೊಂಡಿದೆ. ಆಫೀಸಿನಲ್ಲಿ ಕುಳಿತ ನನಗೆ ಇದರಿಂದ ಹೆಚ್ಚೇನೂ ನಷ್ಟವಿಲ್ಲ, ಮೀಟಿಂಗಿನಲ್ಲಿ ಎಡತುದಿಯ ಕುರ್ಚಿ ಹಿಡಿದರಾಯಿತು. ಲಾರಿಗಳ ನಡುವೆ ತಲೆ ಮೇಲೆ ಮೂಟೆ ಹೊತ್ತು ಓಡಾಡುವವರಿಗೆ ಕುರ್ಚಿ ಬದಲಿಸೋ ಅವಕಾಶ ಎಲ್ಲಿದೆ?

ಇನ್ನೂ ಸಿಟ್ಟು ಬರಿಸೋ ವಿಷಯ ಬೇರೆ ಇದೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ಲಸಿಕೆಯಲ್ಲಿ ಮಂಗನಬಾವಿಗೆ ಜಾಗ ಸಿಗಲಿಲ್ಲ. ಮೂರನ್ನೂ ತಡೆಯುವ ಎಂಎಂಆರ್ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟವರಿಗೆ ಸಿಗುತ್ತದೆ. ಮಗುವಿನ ಎರಡನೇ ಕಿವಿ ಉಳಿಯೋದು ಅಪ್ಪ-ಅಮ್ಮನ ಜೇಬಿನ ಮೇಲೆ ನಿಲ್ಲಬಾರದು. ಮುಂದಿನ ಸಲ ನಿಮ್ಮ ಶಾಸಕರು ಆರೋಗ್ಯದ ಬಗ್ಗೆ ಭಾಷಣ ಮಾಡಿದಾಗ ಇದೊಂದನ್ನು ಕೇಳಿ.