ಹಳೆಯ ಕಾರಿಗೆ ದೊಡ್ಡ ಬ್ರೇಕು

ಜಪಾನಿನ ಹಿರೋಷಿಮಾದ ಮಾಜ್ಡಾ ಕಾರ್ಖಾನೆಯವರು 1989ರಲ್ಲಿ ಎಂಎಕ್ಸ್-5 ಎಂಬ ಪುಟ್ಟ ಕ್ರೀಡಾಕಾರನ್ನು ಜಗತ್ತಿನ ಮುಂದಿಟ್ಟರು. ಎರಡೇ ಆಸನ, ಮಡಿಚಿಡಬಹುದಾದ ಚಾವಣಿ, 1.6 ಲೀಟರಿನ ಎಂಜಿನು, ಸುಮಾರು ಒಂದು ಟನ್ ತೂಕ. ಕೆಲವು ವರ್ಷಗಳ ಬಳಿಕ ಅದೇ ಮೈಕಟ್ಟಿಗೆ 1.8 ಲೀಟರಿನ ಎಂಜಿನನ್ನು ಕೂರಿಸಿದಾಗ ಅವರು ಬ್ರೇಕುಗಳನ್ನೂ ಹಿಗ್ಗಿಸಿದರು. ಮುಂದಿನ ಡಿಸ್ಕಿನ ವ್ಯಾಸ 235 ಮಿಲಿಮೀಟರಿನಿಂದ 255ಕ್ಕೆ ಏರಿತು; ಹಿಂದಿನದು 231ರಿಂದ 251ಕ್ಕೆ. ಹಳೆಯ ಕಾರಿನ ಒಡೆಯರು ಇದನ್ನು ಕಂಡು ಸುಮ್ಮನಿರುವರೆ? ಗುಜರಿಗೆ ಬಂದ 1.8ರ ಡಿಸ್ಕು, ಪ್ಯಾಡು, ಕ್ಯಾಲಿಪರನ್ನು ಹೊರುವ ಬ್ರಾಕೆಟ್ಟು ಇವುಗಳನ್ನು ತಂದು ತಮ್ಮ 1.6ಕ್ಕೆ ಜೋಡಿಸತೊಡಗಿದರು. ಬೋಲ್ಟಿನ ರಂಧ್ರಗಳು ಹೊಂದುವುದರಿಂದ ಕೆಲಸ ಸುಲಭ. ಇದರಿಂದ ಕಾರು ಮೊದಲಿಗಿಂತ ಕಡಿಮೆ ದೂರದಲ್ಲಿ ನಿಲ್ಲುವುದೇ ಎಂಬುದನ್ನು ವಿಚಾರಿಸೋಣ.

ಬಾಗಿಲನ್ನು ತಿರುಗಣಿಯ ಬಳಿ ತಳ್ಳಿದರೆ ಕಷ್ಟ, ಅಂಚಿನಲ್ಲಿ ತಳ್ಳಿದರೆ ಸುಲಭ. ಡಿಸ್ಕಿನ ವಿಷಯವೂ ಹಾಗೆಯೇ. ಪ್ಯಾಡು ಅದನ್ನು ಅಕ್ಷದಿಂದ ಎಷ್ಟು ದೂರದಲ್ಲಿ ಅದುಮುವುದೋ, ಚಕ್ರವನ್ನು ತಡೆಯುವ ಶಕ್ತಿ ಅಷ್ಟು ಹೆಚ್ಚು. ಕಾಲಿನ ಒತ್ತಡ ಅಷ್ಟೇ ಇದ್ದರೂ 255ರ ಡಿಸ್ಕು 235ರದಕ್ಕಿಂತ ಶೇಕಡಾ 9ರ ಆಸುಪಾಸು ಹೆಚ್ಚಾಗಿ ಚಕ್ರವನ್ನು ಹಿಡಿಯುತ್ತದೆ.

ಆದರೆ ಬ್ರೇಕು ನಿಲ್ಲಿಸುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆ. ಹಳೆಯ ಸಣ್ಣ ಡಿಸ್ಕೇ ಚಕ್ರವನ್ನು ಕಚ್ಚಿ ಹಿಡಿದು ಜಾರಿಸಬಲ್ಲುದಾದರೆ, ದೊಡ್ಡದನ್ನು ಹಾಕಿದ ಮಾತ್ರಕ್ಕೆ ನಿಲ್ಲುವ ದೂರ ಒಂದು ಗೇಣೂ ಕಡಿಮೆಯಾಗದು. ಹಾಗಾದರೆ ಲಾಭವಾವುದು? ಉಷ್ಣ. ಒಂದು ಟನ್ ತೂಕದ ಕಾರು ಗಂಟೆಗೆ 100 ಕಿಲೋಮೀಟರು ವೇಗದಲ್ಲಿರುವಾಗ ಅದರ ಚಲನಶಕ್ತಿ ಸುಮಾರು 386 ಕಿಲೋಜೂಲ್. ಕಾರು ನಿಂತಾಗ ಇದರ ಬಹುಪಾಲು ಬ್ರೇಕುಗಳಲ್ಲಿ ಉಷ್ಣವಾಗಿ ಪರಿಣಮಿಸುತ್ತದೆ. 30 ಡಿಗ್ರಿಯ ಒಂದೂಕಾಲು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು! ಒಮ್ಮೆ ನಿಲ್ಲಿಸಿದರೆ ಚಿಂತೆಯಿಲ್ಲ. ಘಟ್ಟದ ಇಳಿಜಾರಿನಲ್ಲೋ ಪಂದ್ಯದ ಓಟದಲ್ಲೋ ಮತ್ತೆ ಮತ್ತೆ ಅದುಮಿದಾಗ ಪ್ಯಾಡು ಕಾದು ಅದರ ಹಿಡಿತ ಸಡಿಲುತ್ತದೆ. ಬ್ರೇಕಿನ ಎಣ್ಣೆ ಕುದಿದು ಆವಿಯಾದರೆ, ಆವಿ ಕುಗ್ಗುವ ವಸ್ತುವಾದ್ದರಿಂದ, ಪೆಡಲು ನೆಲಮುಟ್ಟಿದರೂ ಕಾರು ನಿಲ್ಲದು. ದೊಡ್ಡ ಡಿಸ್ಕಿನಲ್ಲಿ ಲೋಹ ಹೆಚ್ಚು, ಗಾಳಿಗೆ ಒಡ್ಡಿದ ಮೈ ಹೆಚ್ಚು. ಆದುದರಿಂದ ಅದು ನಿಧಾನವಾಗಿ ಕಾಯುತ್ತದೆ, ಬೇಗ ಆರುತ್ತದೆ.

ಇನ್ನು ಅಪಾಯದ ಮಾತು. ಬ್ರೇಕು ಹಾಕಿದಾಗ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ವಾಲುವುದನ್ನು ನೀವು ಬಲ್ಲಿರಿ. ಕಾರಿನ ಭಾರವೂ ಹಾಗೆಯೇ ಮುಂದಿನ ಚಕ್ರಗಳ ಮೇಲೆ ಬಿದ್ದು, ಹಿಂದಿನವು ಹಗುರವಾಗುತ್ತವೆ. ಹಗುರವಾದ ಚಕ್ರ ಬೇಗ ಜಾರುತ್ತದೆ. ಜಾರುವ ಚಕ್ರಕ್ಕೆ ದಿಕ್ಕು ಹಿಡಿಯುವ ಸಾಮರ್ಥ್ಯವಿಲ್ಲ. ಮುಂದಿನವು ಮೊದಲು ಜಾರಿದರೆ ಸ್ಟೀರಿಂಗು ಕೆಲಸ ಮಾಡದೆ ಕಾರು ನೇರಕ್ಕೆ ಸಾಗುತ್ತದೆ; ಹಿಂದಿನವು ಮೊದಲು ಜಾರಿದರೆ ಬಾಲವೇ ಮುಂದಕ್ಕೆ ಬರುವಂತೆ ಬುಗುರಿಯಾಗುತ್ತದೆ. ಮೊದಲನೆಯದು ಕೆಟ್ಟದ್ದು, ಎರಡನೆಯದು ಬಲು ಕೆಟ್ಟದ್ದು. ಆದುದರಿಂದಲೇ ಕಾರ್ಖಾನೆಯವರು ಮುಂದಿನ ಬ್ರೇಕಿಗೆ ದೊಡ್ಡ ಪಾಲನ್ನು ಕೊಟ್ಟಿರುತ್ತಾರೆ.

ಮೇಲಿನ ಅಂಕೆಗಳನ್ನು ಈಗ ಮತ್ತೊಮ್ಮೆ ನೋಡಿ. ಮುಂದೆಯೂ 20 ಮಿಲಿಮೀಟರು, ಹಿಂದೆಯೂ 20. ಎರಡರ ಪಾಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿದೆ. ನಾಲ್ಕೂ ಚಕ್ರಗಳ ಭಾಗಗಳನ್ನು ಒಟ್ಟಿಗೆ ಬದಲಿಸಿದವನು, ತಿಳಿದೋ ತಿಳಿಯದೆಯೋ, ಆ ಸಮತೋಲವನ್ನು ಉಳಿಸಿಕೊಳ್ಳುತ್ತಾನೆ. ಹಣ ಸಾಲದೆಂದು ಮುಂದಿನವನ್ನಷ್ಟೇ ಬದಲಿಸಿದರೆ ಹಿಂದಿನ ಚಕ್ರಗಳು ತಮ್ಮ ಪಾಲಿನ ಕೆಲಸವನ್ನು ಪೂರ್ತಿ ಮಾಡವು. ಹಿಂದಿನವನ್ನಷ್ಟೇ ಬದಲಿಸುವುದಂತೂ ಬುಗುರಿಗೆ ಆಹ್ವಾನ.

2001ರ ನಂತರದ ಕೆಲವು ಮಾದರಿಗಳಿಗೆ ಇನ್ನೂ ದೊಡ್ಡ ಬ್ರೇಕು ಬಂದಿತು: ಮುಂದೆ 270, ಹಿಂದೆ 276. ಇಲ್ಲಿ 1.8ರ ಬ್ರೇಕಿಗೆ ಹೋಲಿಸಿದರೆ ಹೆಚ್ಚಳ ಮುಂದೆ 15, ಹಿಂದೆ 25. ಲೆಕ್ಕ ಹಾಕದೆ ಇದರ ಹಿಂದಿನ ಡಿಸ್ಕನ್ನು ಮಾತ್ರ ಆರಿಸಿ ತರುವ ಚೌಕಾಸಿಗಾರನನ್ನು ನೆನೆದರೆ ನಮಗೆ ಮೈ ಜುಮ್ಮೆನ್ನುತ್ತದೆ. ಇನ್ನೊಂದು ತೊಡಕೂ ಉಂಟು. ಮೊದಲ ಕಾರುಗಳ 14 ಅಂಗುಲದ ಚಕ್ರದೊಳಗೆ ಈ ಬ್ರೇಕು ಹಿಡಿಸದು. 15 ಅಂಗುಲದ ಚಕ್ರ ಬೇಕು.

ಪೆಡಲಿನ ಒತ್ತಡವನ್ನು ಎಣ್ಣೆಗೆ ಸಾಗಿಸುವ ಮಾಸ್ಟರ್ ಸಿಲಿಂಡರನ್ನು ಬದಲಿಸುವವರೂ ಇದ್ದಾರೆ. ಅದರ ವ್ಯಾಸ 7/8 ಅಂಗುಲದಿಂದ 15/16 ಆದರೆ ಅಡ್ಡಕೊಯ್ತದ ವಿಸ್ತಾರ ಶೇಕಡಾ 15ರಷ್ಟು ಹೆಚ್ಚುತ್ತದೆ. ಪಾಸ್ಕಲನ ನಿಯಮದಂತೆ, ಕಾಲಿನ ಬಲ ಅಷ್ಟೇ ಇದ್ದರೆ ಎಣ್ಣೆಯ ಒತ್ತಡ ಇಳಿಯುತ್ತದೆ. ಪೆಡಲು ಗಟ್ಟಿಯೆನಿಸಿದರೂ ಅದನ್ನು ಹೆಚ್ಚು ಬಲವಾಗಿ ತುಳಿಯಬೇಕು.

ಜೋಡಣೆ ಮುಗಿದ ಮೇಲೆ ಕೊಳವೆಗಳಲ್ಲಿ ಸಿಕ್ಕಿದ ಗಾಳಿಯನ್ನು ಪೂರ್ತಿ ಹೊರಹಾಕಬೇಕು. ಬಳಿಕ, ಎಬಿಎಸ್ ಇಲ್ಲದ ಕಾರಾದರೆ, ಜನರಿಲ್ಲದ ಬಯಲಿನಲ್ಲಿ ಕಡಿಮೆ ವೇಗದಿಂದ ಆರಂಭಿಸಿ ಬ್ರೇಕು ಅದುಮಿ ನೋಡಬೇಕು. ಹೊರಗೆ ದೂರದಲ್ಲಿ ನಿಂತ ಗೆಳೆಯನೊಬ್ಬ ಯಾವ ಚಕ್ರ ಮೊದಲು ಜಾರಿತೆಂಬುದನ್ನು ಗಮನಿಸಿ ಹೇಳಲಿ. ಅವನು ಹಿಂದಿನದೆಂದರೆ ಕಾರನ್ನು ರಸ್ತೆಗೆ ಒಯ್ಯದೆ ಕೆಲಸದ ಕೊಟ್ಟಿಗೆಗೇ ಹಿಂದಿರುಗಿಸತಕ್ಕದ್ದು.